ದೇವರಿಗೊಂದು ಬಜೆಟ್, ಥೆರಪಿಗೊಂದು ಬಜೆಟ್

ಮೈಸೂರಿನ ಆ ಮನೆಯಲ್ಲಿ ಖರ್ಚು ಬರೆಯುವ ಪುಸ್ತಕ ಒಂದೇ. ಹಾಲು, ತರಕಾರಿ, ಗ್ಯಾಸು, ಮನೆ ಸಾಲದ ಕಂತು ಎಲ್ಲ ಅದರಲ್ಲೇ. ಮಗಳು ಹುಟ್ಟಿದ ಮೇಲೆ ಅದಕ್ಕೆ ಮೂರು ಹೊಸ ತಲೆಬರಹ ಬಂದವು: ಹೃದಯ, ಥೆರಪಿ, ದೇವರು. ಪುಸ್ತಕ ಬರೆಯುವಾಕೆ ಈ ಅಂಕಣಕಾರ್ತಿ. ಮೂರನೆಯ ತಲೆಬರಹ ಹಾಕಿಸಿದವರು ಅವಳ ಅತ್ತೆ. ‘ಊರಿಗೆಲ್ಲ ಬಜೆಟ್ ಹಾಕಿಕೊಡ್ತೀಯಲ್ಲ, ದೇವರಿಗೂ ಒಂದು ಹಾಕು. ನಾನು ಅದರೊಳಗೇ ಇರ್ತೀನಿ’ ಎಂದಿದ್ದರು. ಯಾವ ಹಣಕಾಸು ಸಲಹೆಗಾರರೂ ಕೊಡದ ಸಲಹೆ ಅದು.

ಮಗುವಿಗೆ ಡೌನ್ ಸಿಂಡ್ರೋಮ್. ಜೀವಕೋಶಗಳಲ್ಲಿ 21ನೇ ಕ್ರೋಮೋಸೋಮ್ ಎರಡಿರಬೇಕಾದ ಕಡೆ ಮೂರು ಇರುತ್ತದೆ. ಪ್ಯಾರಿಸ್ಸಿನ ಜೆರೋಮ್ ಲೆಜೂನ್ ಮತ್ತು ಸಂಗಡಿಗರು ಇದನ್ನು ಪ್ರಕಟಿಸಿದ್ದು 1959ರಲ್ಲಿ. ಬಸುರಿ ಏನು ತಿಂದಳು, ಗ್ರಹಣದ ದಿನ ಹೊರಗೆ ಬಂದಳೇ, ಯಾರ ಪಾಪ ಯಾರಿಗೆ ತಟ್ಟಿತು ಎಂಬ ಯಾವ ಮಾತಿಗೂ ಇದಕ್ಕೂ ಸಂಬಂಧವಿಲ್ಲ. ನೂರಕ್ಕೆ ಸುಮಾರು 95 ಮಕ್ಕಳಲ್ಲಿ ಇದು ತಂದೆತಾಯಿಯಿಂದ ವಂಶವಾಹಿಯಾಗಿ ಬಂದದ್ದೂ ಅಲ್ಲ. ಉಳಿದ ಕೆಲವರಲ್ಲಿ ತಂದೆಯೋ ತಾಯಿಯೋ ವಾಹಕರಾಗಿರುವ ಸಾಧ್ಯತೆ ಇರುವುದರಿಂದ ಮಗುವಿನ ಕ್ರೋಮೋಸೋಮುಗಳನ್ನು ನೋಡುವ ಕ್ಯಾರಿಯೋಟೈಪ್ ಪರೀಕ್ಷೆಗೆ ಮಾತ್ರ ಹಿಂದೆಮುಂದೆ ನೋಡದೆ ಹಣ ಕೊಡಬೇಕು. ಇನ್ನೊಂದು ಮಗು ಬೇಕೆನ್ನುವವರಿಗೆ ಆ ವರದಿ ಬೇಕೇ ಬೇಕು.

ನೆಂಟರೊಬ್ಬರು ಕೇಳದೆಯೇ ಜಾತಕ ಹಿಡಿದು ಹೋದರು. ಸರ್ಪದೋಷ ಎಂಬ ಉತ್ತರವೂ, ಪರಿಹಾರಕ್ಕೆಂದು ಆರು ತಿಂಗಳ ಥೆರಪಿಯಷ್ಟು ಮೊತ್ತವೂ ಫೋನಿನಲ್ಲೇ ಬಂದವು. ಅದೇ ಹೊತ್ತಿಗೆ ಇನ್ನೊಬ್ಬರು ‘ಬುದ್ಧಿ ಚುರುಕಾಗುವ’ ಪುಡಿಯ ಡಬ್ಬಿ ತಂದುಕೊಟ್ಟು, ಮುಂದಿನ ಡಬ್ಬಿ ನೀವೇ ತರಿಸಿಕೊಳ್ಳಿ ಎಂದರು. ಡಬ್ಬಿಯ ಮೇಲೆ ದೋಷದ ಮಾತಿರಲಿಲ್ಲ, ಇಂಗ್ಲಿಷಿತ್ತು; ಬೆಲೆ ನೋಡಿದರೆ ಜ್ಯೋತಿಷಿಯೇ ಪರವಾಗಿಲ್ಲ ಅನ್ನಿಸುವಂತಿತ್ತು. ಅಂಕಣಕಾರ್ತಿ ಎರಡಕ್ಕೂ ಒಂದೇ ನಿಯಮ ಹಾಕಿದಳು. ಕ್ರೋಮೋಸೋಮನ್ನು ಬದಲಿಸುತ್ತೇನೆ ಎನ್ನುವ ಯಾವುದಕ್ಕೂ ಈ ಮನೆಯಿಂದ ರೂಪಾಯಿ ಹೋಗುವುದಿಲ್ಲ. ಅದು ಮಂತ್ರವಾಗಲಿ, ಮಾತ್ರೆಯಾಗಲಿ.

ಅತ್ತೆಯ ಭಕ್ತಿ ಬೇರೆ ಜಾತಿಯದು. ಅವರು ಯಾರನ್ನೂ ಕಾರಣ ಕೇಳಲಿಲ್ಲ. ಮಗುವಿಗೆ ಹೃದಯದ ಆಪರೇಷನ್ ಆಗಬೇಕಿತ್ತು; ಅದು ಸುಸೂತ್ರವಾದರೆ ನಂಜನಗೂಡಿನಲ್ಲಿ ಬೆಲ್ಲದ ತುಲಾಭಾರ ಎಂದು ಹರಕೆ ಹೊತ್ತರು, ಅಷ್ಟೆ. ಹೃದಯದಲ್ಲಿ ದೋಷವಿರುವ ಕೂಸು ಬೇಗ ತೂಕ ಹಿಡಿಯುವುದಿಲ್ಲ. ಹಾಲು ಕುಡಿಯುವುದೇ ಅದಕ್ಕೆ ದುಡಿಮೆ. ಆಪರೇಷನ್ನಿಗೆ ಮುಂಚೆ ಇಷ್ಟು ಕಿಲೋ ಆಗಲಿ ಎಂದು ಡಾಕ್ಟರು ಕಾಯುತ್ತಿದ್ದರು. ಹಾಗಾಗಿ ಮಗುವಿನ ಪ್ರತಿ ನೂರು ಗ್ರಾಮೂ ಹರಕೆಯ ಖರ್ಚನ್ನು ಏರಿಸುತ್ತಿತ್ತು, ಮನೆಯಲ್ಲಿ ಸಂಭ್ರಮವನ್ನೂ. ಖರ್ಚು ಹೆಚ್ಚಾಗಲಿ ಎಂದು ಈ ಅಂಕಣಕಾರ್ತಿ ಬೇಡಿಕೊಂಡದ್ದು ಅದೊಂದೇ ಬಾಬತ್ತಿಗೆ.

ಡೌನ್ ಸಿಂಡ್ರೋಮ್ ಇರುವ ಮಕ್ಕಳಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಮಂದಿಗೆ ಹುಟ್ಟಿನಿಂದಲೇ ಹೃದಯದ ತೊಂದರೆ ಇರುತ್ತದೆ. ಆದ್ದರಿಂದ ಮೊದಲ ಖರ್ಚು ಹೃದಯದ ಎಕೋ ಪರೀಕ್ಷೆ. ಈ ಮನೆಯ ಶಸ್ತ್ರಚಿಕಿತ್ಸೆಯನ್ನು ದಾಟಿಸಿದ್ದು ಗಂಡನ ಕಂಪನಿಯ ಗುಂಪು ವಿಮೆ. ಕೂಸಿನ ಹೆಸರನ್ನು ಗಡುವಿನೊಳಗೆ ಸೇರಿಸಿದ್ದರಿಂದ ಜನ್ಮಜಾತ ಎಂಬ ತಕರಾರು ಏಳಲಿಲ್ಲ. ಸ್ವಂತ ಪಾಲಿಸಿಗೆ ಪ್ರಯತ್ನಿಸಿದಾಗ ಒಂದು ವಿಮಾ ಕಂಪನಿ ಅರ್ಜಿಯನ್ನೇ ತಿರುಗಿಸಿತು. ಅಂಗವಿಕಲರಿಗೆ ಪ್ರತಿ ಆರೋಗ್ಯ ವಿಮಾ ಕಂಪನಿಯೂ ಒಂದು ಪಾಲಿಸಿ ಇಟ್ಟಿರಲೇಬೇಕೆಂದು ವಿಮಾ ನಿಯಂತ್ರಣ ಪ್ರಾಧಿಕಾರ 2023ರ ಫೆಬ್ರವರಿಯಲ್ಲೇ ಸೂಚಿಸಿದೆ. ಅದನ್ನು ಹೆಸರು ಹಿಡಿದು ಕೇಳಬೇಕು. ಏಜೆಂಟರು ತಾವಾಗಿ ಹೇಳುವುದು ಅಪರೂಪ.

ವಿಮೆಯೇ ಇಲ್ಲದವರಿಗೆ ದಾರಿಯಿಲ್ಲವೇ? ಇದೆ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಪಟ್ಟಿಯಲ್ಲಿ ಡೌನ್ ಸಿಂಡ್ರೋಮ್ ಮತ್ತು ಜನ್ಮಜಾತ ಹೃದ್ರೋಗ ಎರಡೂ ಇವೆ. ಜಿಲ್ಲಾ ಮಟ್ಟದ ಶೀಘ್ರ ಮಧ್ಯಸ್ಥಿಕೆ ಕೇಂದ್ರದಲ್ಲಿ ವಿಚಾರಿಸಬೇಕು. ಬಿಪಿಎಲ್ ಕುಟುಂಬಗಳಿಗೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷದವರೆಗೆ ನೆರವುಂಟು. ಬೆಂಗಳೂರಿನ ವೈಟ್‌ಫೀಲ್ಡಿನಲ್ಲಿ 2001ರಲ್ಲಿ ಶುರುವಾದ ಸತ್ಯಸಾಯಿ ಆಸ್ಪತ್ರೆ ಹೃದಯದ ಶಸ್ತ್ರಚಿಕಿತ್ಸೆಗೆ ಹಣವನ್ನೇ ತೆಗೆದುಕೊಳ್ಳುವುದಿಲ್ಲ. ಎಲ್ಲೋ ಇರುವ ಭಕ್ತರು ಹಾಕಿದ ಕಾಣಿಕೆ ಇನ್ಯಾರದೋ ಮಗುವಿನ ಹೃದಯಕ್ಕೆ ಸಲ್ಲುತ್ತಿದೆ. ನಂಬಿಕೆಯ ಹಣ ಹೀಗೆ ಖರ್ಚಾಗುವುದನ್ನು ನೋಡಿದ ಮೇಲೆ ‘ದೇವರು’ ಎಂಬ ತಲೆಬರಹದ ಕೆಳಗೆ ಈ ಮನೆಯವರು ದಾನವನ್ನೂ ಬರೆಯತೊಡಗಿದರು.

ಆಪರೇಷನ್ ಒಂದೇ ಸಲದ ಖರ್ಚು. ಜೇಬನ್ನು ನಿಧಾನವಾಗಿ ಬರಿದು ಮಾಡುವುದು ಥೆರಪಿ. ಈ ಮಕ್ಕಳ ಸ್ನಾಯುಗಳಲ್ಲಿ ಬಿಗಿ ಕಡಿಮೆ. ಕತ್ತು ನಿಲ್ಲುವುದು, ಕೂರುವುದು, ಮಾತು ಎಲ್ಲವೂ ತಡ. ಖಾಸಗಿಯಲ್ಲಿ ಒಂದು ಸೆಷನ್ನಿಗೆ 700–800 ರೂಪಾಯಿ ಕೇಳುತ್ತಾರೆ, ವಾರಕ್ಕೆ ಮೂರು ಎನ್ನುತ್ತಾರೆ, ಅದೂ ವರ್ಷಗಟ್ಟಲೆ. ಮೈಸೂರಿನವರ ಅದೃಷ್ಟ, ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ; ಸರ್ಕಾರಿ ಶುಲ್ಕ, ಕಲಿಸುವುದು ಮಗುವಿಗಷ್ಟೇ ಅಲ್ಲ, ತಾಯಿಗೂ. ಅಲ್ಲಿ ಕಲಿತದ್ದನ್ನು ಮನೆಯಲ್ಲಿ ದಿನವೂ ಮಾಡದಿದ್ದರೆ ಕೊಟ್ಟ ದುಡ್ಡು ದಂಡ.

ಇಲ್ಲಿ ಮತ್ತೆ ಅತ್ತೆಯ ಪಾತ್ರ. ಬೆಳಗ್ಗೆ ಪೂಜೆಗೆ ಕೂರುವಾಗ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಳ್ಳುತ್ತಾರೆ. ಗಂಟೆಯ ಸದ್ದಿಗೆ ಕತ್ತು ತಿರುಗುತ್ತದೆ, ಆರತಿಯ ಬೆಳಕಿನ ಹಿಂದೆ ಕಣ್ಣು ಹೋಗುತ್ತದೆ. ‘ಸಾಮಿಗೆ ಕೈ ಮುಗಿ ಬಂಗಾರಿ’ ಎಂದರೆ ಎರಡು ಪುಟ್ಟ ಕೈಗಳು ಎದೆಯ ಮಧ್ಯೆ ಸೇರುತ್ತವೆ. ಒಂದೇ ಭಜನೆ, ಅದೇ ರಾಗ, ದಿನಾ. ಥೆರಪಿಸ್ಟ್ ಹೇಳಿಕೊಟ್ಟದ್ದೂ ಇದನ್ನೇ: ಸದ್ದಿನ ಕಡೆ ತಿರುಗುವುದು, ಎರಡೂ ಕೈ ನಡುವಿಗೆ ತರುವುದು, ಹಾಡಿನ ಮರುಕಳಿಕೆ. ಖರ್ಚು ಎರಡು ಬತ್ತಿ, ಒಂದು ಚೂರು ಕರ್ಪೂರ.

ಥೆರಪಿಯ ಜೊತೆಗೆ ತಪಾಸಣೆಯ ಖರ್ಚೂ ಉಂಟು. ಥೈರಾಯ್ಡ್ ಪರೀಕ್ಷೆ ಹುಟ್ಟಿದಾಗ, ಆರು ತಿಂಗಳಿಗೆ, ವರ್ಷ ತುಂಬಿದಾಗ, ಆಮೇಲೆ ವರ್ಷ ವರ್ಷ ಆಗಬೇಕು. ಕಿವಿ, ಕಣ್ಣಿನ ಪರೀಕ್ಷೆಯೂ ಆಗಾಗ ಆಗಬೇಕು. ಇವನ್ನು ಮುಂದೂಡಿ ಉಳಿಸಿದ ಹಣ ಉಳಿತಾಯವಲ್ಲ.

ಇನ್ನು ಕಾಗದಪತ್ರ. ಬೌದ್ಧಿಕ ಅಂಗವೈಕಲ್ಯದ ಪ್ರಮಾಣಪತ್ರ ಒಂದು ವರ್ಷ ತುಂಬುವ ಮುನ್ನ ಸಿಗುವುದಿಲ್ಲ. ಒಂದರಿಂದ ಐದು ವರ್ಷದವರೆಗೆ ಬೆಳವಣಿಗೆಯ ವಿಳಂಬ ಎಂದು ತಾತ್ಕಾಲಿಕವಾಗಿ ಕೊಡುತ್ತಾರೆ. ಅದು ಕೈಗೆ ಬಂದರೆ ಮೂರು ಲಾಭ. ಮೊದಲನೆಯದು, ರಾಷ್ಟ್ರೀಯ ನ್ಯಾಸದ (ನ್ಯಾಷನಲ್ ಟ್ರಸ್ಟ್) ನಿರಾಮಯ ವಿಮೆ: ಬಿಪಿಎಲ್ ಅಲ್ಲದವರಿಗೂ ನೋಂದಣಿ ಕೆಲವು ನೂರು ರೂಪಾಯಿಯಷ್ಟೆ, ರಕ್ಷಣೆ 1 ಲಕ್ಷದವರೆಗೆ, ಮಿತಿಯೊಳಗೆ ಥೆರಪಿಯ ಖರ್ಚೂ ಬರುತ್ತದೆ. ಎರಡನೆಯದು, 80ಡಿಡಿ ಎಂದೇ ಪರಿಚಿತವಾದ ತೆರಿಗೆ ಕಡಿತ: ವೈಕಲ್ಯ ಶೇ 40 ಮುಟ್ಟಿದರೆ 75,000, ಶೇ 80 ಮುಟ್ಟಿದರೆ 1,25,000 ರೂಪಾಯಿ, ಆದರೆ ಹಳೆಯ ತೆರಿಗೆ ಪದ್ಧತಿಯಲ್ಲಿ ಮಾತ್ರ, ಆದ್ದರಿಂದ ಎರಡೂ ಪದ್ಧತಿಯಲ್ಲಿ ಲೆಕ್ಕ ಹಾಕಿ ನೋಡಬೇಕು. ಮೂರನೆಯದನ್ನು ಲೆಕ್ಕಪರಿಶೋಧಕರೂ ಮರೆಯುತ್ತಾರೆ. ಅಪ್ರಾಪ್ತ ಮಕ್ಕಳ ಬಡ್ಡಿ ಆದಾಯ ಸಾಮಾನ್ಯವಾಗಿ ತಂದೆ ಅಥವಾ ತಾಯಿಯ ಆದಾಯಕ್ಕೆ ಸೇರುತ್ತದೆ. ಕಾನೂನು ಹೇಳುವಷ್ಟು ವೈಕಲ್ಯವಿರುವ ಮಗುವಿನದು ಸೇರುವುದಿಲ್ಲ. ನಾಮಕರಣದ ಉಡುಗೊರೆ ಹಣವನ್ನು ಮಗಳ ಹೆಸರಿನಲ್ಲೇ ಠೇವಣಿ ಇಟ್ಟದ್ದು ಇದಕ್ಕಾಗಿ.

‘ಮುಂದೆ ಹೇಗೋ, ದೇವರು ನೋಡ್ಕೋತಾನೆ’ ಎನ್ನುವವರಿಗೆ ಈ ಮನೆಯಲ್ಲಿ ಕಾಫಿ ಸಿಗುತ್ತದೆ, ಒಪ್ಪಿಗೆ ಸಿಗುವುದಿಲ್ಲ. ಅಮೆರಿಕದಲ್ಲಿ 1983ರ ಸುಮಾರಿಗೆ ಡೌನ್ ಸಿಂಡ್ರೋಮ್ ಇರುವವರ ಸರಾಸರಿ ಆಯುಷ್ಯ 25 ವರ್ಷ. ಈಗ 60ರ ಆಸುಪಾಸು. ಒಳ್ಳೆಯ ಚಿಕಿತ್ಸೆ ಸಿಕ್ಕ ಮಗಳು ತಂದೆತಾಯಿ ಹೋದ ಮೇಲೂ ವರ್ಷಗಟ್ಟಲೆ ಬದುಕುತ್ತಾಳೆ ಎಂದೇ ಲೆಕ್ಕ ಹಾಕಬೇಕು. 18 ತುಂಬಿದ ದಿನ ಕಾನೂನು ಅವಳನ್ನು ವಯಸ್ಕಳೆನ್ನುತ್ತದೆ. ಹೆತ್ತವರು ತಾವೇ ತಾವಾಗಿ ಪೋಷಕರಾಗಿ ಮುಂದುವರಿಯುವುದಿಲ್ಲ. 1999ರ ರಾಷ್ಟ್ರೀಯ ನ್ಯಾಸ ಕಾಯ್ದೆಯಡಿ ಜಿಲ್ಲಾಧಿಕಾರಿ ಮಟ್ಟದ ಸ್ಥಳೀಯ ಸಮಿತಿಗೆ ಅರ್ಜಿ ಕೊಟ್ಟು ಪೋಷಕತ್ವ ಪಡೆಯಬೇಕು. ಆ ಅರ್ಜಿಗೆ ಸಹಿ ಹಾಕುವುದು ಮನುಷ್ಯರದೇ ಕೆಲಸ.

ಹಾಗಾಗಿ ಈ ಮನೆಯ ಕ್ರಮ ಹೀಗಿದೆ: ಮೊದಲು ತಂದೆತಾಯಿಯ ಟರ್ಮ್ ವಿಮೆ ಮತ್ತು ನಿವೃತ್ತಿ ಉಳಿತಾಯ, ಆಮೇಲೆ ಮಗಳ ನಿಧಿ, ಅದನ್ನು ಯಾರು ನೋಡಿಕೊಳ್ಳಬೇಕೆಂಬ ಉಯಿಲು. ಹಣ ಹೆಚ್ಚಾದಾಗ ಖಾಸಗಿ ಟ್ರಸ್ಟ್. ‘ದೇವರು’ ಎಂಬ ಬಾಬತ್ತು ತಿಂಗಳ ಥೆರಪಿ ಖರ್ಚಿನ ಹತ್ತನೇ ಒಂದು ಭಾಗವನ್ನು ದಾಟುವಂತಿಲ್ಲ. ಅತ್ತೆ ಇವತ್ತಿಗೂ ದಾಟಿಲ್ಲ.

ಇಂಥ ಮಗುವಿರುವ ಮನೆಯವರಲ್ಲಿ ಒಂದೇ ಕೋರಿಕೆ. ಮೊದಲ ಹುಟ್ಟುಹಬ್ಬ ಕಳೆದ ವಾರವೇ ಸರ್ಕಾರದ ಸ್ವಾವಲಂಬನ್ ಪೋರ್ಟಲಿನಲ್ಲಿ ಅಂಗವಿಕಲರ ಗುರುತಿನ ಯುಡಿಐಡಿ ಕಾರ್ಡಿಗೆ ಅರ್ಜಿ ಹಾಕಿ. ನಿರಾಮಯಕ್ಕೂ ತೆರಿಗೆ ಕಡಿತಕ್ಕೂ ಪ್ರಮಾಣಪತ್ರ ಬೇಕು, ಅದು ಸಿಗುವುದು ಆ ಅರ್ಜಿಯಿಂದಲೇ.