ಕೆರಿಬಿಯನ್ ಕಡಲಿನಲ್ಲಿ ಸ್ನಾರ್ಕೆಲಿಂಗ್: ಹಣ ಕಟ್ಟುವ ಮುನ್ನ

ನಮ್ಮ ಸಂಘದ ಹಿರಿಯ ಸದಸ್ಯರಲ್ಲಿ ಅನೇಕರ ಮಕ್ಕಳು ಇಂದು ಅಮೆರಿಕದಲ್ಲಿ ನೆಲೆಸಿದ್ದಾರೆ. ತಂದೆತಾಯಿಗಳು ಅಲ್ಲಿಗೆ ಹೋದಾಗ ನಯಾಗರಾ ಜಲಪಾತ, ವಾಷಿಂಗ್ಟನ್ ನಗರ ಮುಂತಾದುವನ್ನು ತೋರಿಸುವುದು ಹಿಂದಿನಿಂದ ಬಂದ ವಾಡಿಕೆ. ಈಚಿನ ವರ್ಷಗಳಲ್ಲಿ ಈ ಪಟ್ಟಿಗೆ ಕೆರಿಬಿಯನ್ ಸಮುದ್ರದ ವಿಹಾರನೌಕೆಯ ಯಾನವೂ ಸೇರಿಕೊಂಡಿದೆ. ಫ್ಲಾರಿಡಾದ ಮಯಾಮಿ, ಟೆಕ್ಸಾಸಿನ ಗ್ಯಾಲ್ವೆಸ್ಟನ್ ಮೊದಲಾದ ಬಂದರುಗಳಿಂದ ಹೊರಡುವ ಈ ಹಡಗುಗಳು ದಾರಿಯಲ್ಲಿ ಒಂದೊಂದು ದ್ವೀಪದ ಬಳಿ ಹಗಲುಹೊತ್ತು ತಂಗುತ್ತವೆ. ಬೆಳಿಗ್ಗೆ ಇಳಿದವರು ಸಂಜೆಯೊಳಗೆ ಮರಳಬೇಕು. ಆ ಕೆಲವು ಗಂಟೆಗಳಲ್ಲಿ ಮಾಡುವ ಸಣ್ಣ ಪ್ರವಾಸಕ್ಕೆ ‘ಶೋರ್ ಎಕ್ಸ್‌ಕರ್ಷನ್’, ಅಂದರೆ ದಡದ ವಿಹಾರವೆಂದು ಹೆಸರು. ಅವುಗಳಲ್ಲಿ ಬಹು ಜನಪ್ರಿಯವಾದುದು ಸ್ನಾರ್ಕೆಲಿಂಗ್.

ಕಣ್ಣು ಮೂಗುಗಳನ್ನು ಮುಚ್ಚುವ ಗಾಜಿನ ಮುಖವಾಡವನ್ನು ಧರಿಸಿ, ಬಾಯಲ್ಲಿ ಉಸಿರುಗೊಳವೆಯನ್ನು ಕಚ್ಚಿಕೊಂಡು, ನೀರಿನ ಮೇಲೆ ಬೋರಲಾಗಿ ತೇಲುತ್ತಾ ಕೆಳಗಿನ ಹವಳದ ದಿಬ್ಬಗಳನ್ನೂ ಮೀನುಗಳನ್ನೂ ನೋಡುವುದೇ ಸ್ನಾರ್ಕೆಲಿಂಗ್. ಗಾಳಿಯ ಸಿಲಿಂಡರನ್ನು ಬೆನ್ನಿಗೆ ಕಟ್ಟಿಕೊಂಡು ಆಳಕ್ಕಿಳಿಯುವ ಸ್ಕೂಬಾ ಮುಳುಗುವಿಕೆಯಿಂದ ಇದು ಭಿನ್ನವಾದುದು. ಆದುದರಿಂದಲೇ ಇದನ್ನು ಯಾರು ಬೇಕಾದರೂ ಮಾಡಬಹುದಾದ ಆಟವೆಂದು ಭಾವಿಸುವುದುಂಟು. ಈ ಭಾವನೆಯನ್ನು ಪರಿಶೀಲಿಸಿ, ವಿಹಾರವನ್ನು ಹೇಗೆ ಆರಿಸಬೇಕೆಂಬುದನ್ನು ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಬ್ಯಾಂಕಿನಲ್ಲಿ ಸಾಲದ ಅರ್ಜಿಯೊಂದು ಮೇಜಿನ ಮೇಲೆ ಬಂದಾಗ ಅಧಿಕಾರಿಯಾದವನು ಮೊದಲು ನೋಡುವುದು ಕೇಳಿರುವ ಮೊತ್ತವನ್ನಲ್ಲ. ಅದನ್ನು ಹೊರುವ ಶಕ್ತಿ ಅರ್ಜಿದಾರನಿಗೆ ಇದೆಯೇ ಎಂಬುದನ್ನು. ಇಲ್ಲಿಯೂ ದರ, ಚಿತ್ರ, ಜಾಹೀರಾತುಗಳು ಆಮೇಲಿನ ಮಾತು. ದೇಹದ ಶಕ್ತಿ ಮೊದಲ ಮಾತು.

ದೇಹದ ಲೆಕ್ಕ

ನೀರಿನಲ್ಲಿ ಮುಳುಗಿದ ದೇಹದ ಮೇಲೆ ಸುತ್ತಲಿನ ಒತ್ತಡ ಬೀಳುವುದರಿಂದ ಕಾಲುಗಳಲ್ಲಿದ್ದ ರಕ್ತದ ಒಂದು ಭಾಗ ಎದೆಯ ಕಡೆಗೆ ಸರಿಯುತ್ತದೆ. ಹೃದಯದ ಕೆಲಸ ಹೆಚ್ಚುತ್ತದೆ. ಇದರ ಜೊತೆಗೆ ಸಪೂರವಾದ ಕೊಳವೆಯ ಮೂಲಕ ಉಸಿರಾಡುವಾಗ ಗಾಳಿಯನ್ನು ಒಳಗೆಳೆಯಲು ಬಲ ಬೇಕಾಗುತ್ತದೆ. ಹೊರಬಿಟ್ಟ ಉಸಿರಿನ ಸ್ವಲ್ಪ ಭಾಗ ಕೊಳವೆಯಲ್ಲಿಯೇ ಉಳಿದು ಮರುಉಸಿರಿನೊಡನೆ ಮತ್ತೆ ಒಳಕ್ಕೆ ಹೋಗುತ್ತದೆ. ಆರೋಗ್ಯವಂತನಾದ ತರುಣನಿಗೆ ಇದು ತಿಳಿಯುವುದೇ ಇಲ್ಲ. ರಕ್ತದೊತ್ತಡ ಅಥವಾ ಹೃದಯದ ತೊಂದರೆ ಇರುವ 60 ವರ್ಷದವರಿಗೆ ಇದೇ ಭಾರವಾಗಬಹುದು.

ಸ್ನಾರ್ಕೆಲಿಂಗ್ ವೇಳೆ ಸಂಭವಿಸಿದ ಮರಣಗಳನ್ನು ಕುರಿತು ಹವಾಯಿ ದ್ವೀಪಗಳಲ್ಲಿ ನಡೆದ ಅಧ್ಯಯನವೊಂದು ಗಮನಾರ್ಹವಾದ ವಿಚಾರವನ್ನು ಮುಂದಿಟ್ಟಿದೆ. ಹಲವು ಪ್ರಕರಣಗಳಲ್ಲಿ ಆರಂಭದ ಕಾರಣ ನೀರು ಕುಡಿದುದಾಗಿರದೆ, ಕೊಳವೆಯ ತಡೆಯನ್ನು ಮೀರಿ ಉಸಿರೆಳೆಯುವ ಶ್ರಮದಿಂದ ಶ್ವಾಸಕೋಶಗಳಲ್ಲಿ ದ್ರವ ತುಂಬಿಕೊಂಡುದಾಗಿರಬಹುದು ಎಂಬುದೇ ಆ ವಿಚಾರ. ಇಂಥ ಸ್ಥಿತಿಯಲ್ಲಿ ಹಠಾತ್ತಾಗಿ ಏದುಸಿರು ಬರುತ್ತದೆ, ಕೈಕಾಲು ಸೋಲುತ್ತದೆ, ಕೂಗಲು ತ್ರಾಣವಿರುವುದಿಲ್ಲ. ಮುಳುಗುವವನು ಕೂಗಿ ಕೈ ಬಡಿಯುತ್ತಾನೆಂಬುದು ನಮ್ಮ ಸಾಮಾನ್ಯ ನಂಬಿಕೆ. ಸ್ನಾರ್ಕೆಲಿಂಗಿನಲ್ಲಿ ಎಲ್ಲರ ಮುಖವೂ ನೀರಿನೊಳಗೇ ಇರುವುದರಿಂದ, ಅಲುಗಾಡದೆ ತೇಲುತ್ತಿರುವವನು ಮೀನು ನೋಡುತ್ತಿದ್ದಾನೆಂದೇ ಪಕ್ಕದವರಿಗೆ ತೋರುತ್ತದೆ. ಅಪಾಯ ಇರುವುದು ಈ ನಿಶ್ಶಬ್ದದಲ್ಲಿಯೇ.

ಆದ್ದರಿಂದ ರಕ್ತದೊತ್ತಡ, ಹೃದ್ರೋಗ, ಉಬ್ಬಸ, ಮೂರ್ಛೆ ಇವುಗಳಲ್ಲಿ ಯಾವುದಾದರೂ ಇರುವವರು ಭಾರತದಿಂದ ಹೊರಡುವ ಮೊದಲೇ ತಮ್ಮ ವೈದ್ಯರನ್ನು ಈ ಒಂದು ವಿಷಯವಾಗಿಯೇ ಕೇಳಬೇಕು. ಮಧುಮೇಹಿಗಳು ಹೊಟ್ಟೆ ಖಾಲಿ ಇಟ್ಟುಕೊಂಡು ನೀರಿಗಿಳಿಯಬಾರದು. ದೋಣಿಯಲ್ಲಿ ಸಕ್ಕರೆಯೋ ಸಿಹಿ ಪಾನೀಯವೋ ಕೈಗೆಟಕುವಂತಿರಬೇಕು. ಕಡಲಬೇನೆಗೆ ಕೊಡುವ ಮಾತ್ರೆಗಳಲ್ಲಿ ಹಲವು ತೂಕಡಿಕೆ ತರುತ್ತವೆ. ಅವನ್ನು ನುಂಗಿ ಈಜಬಹುದೇ ಎಂಬುದನ್ನೂ ವೈದ್ಯರಿಂದಲೇ ತಿಳಿಯಬೇಕು.

ಮೂರು ಬಗೆಯ ವಿಹಾರಗಳು

ಹೆಸರು ಒಂದೇ ಆದರೂ ಸ್ನಾರ್ಕೆಲಿಂಗ್ ವಿಹಾರಗಳೆಲ್ಲ ಒಂದೇ ತೆರನಾದುವಲ್ಲ. ಅವನ್ನು ಮೂರು ವರ್ಗಗಳಾಗಿ ವಿಂಗಡಿಸಬಹುದು.

ಮೊದಲನೆಯದು, ದಡದಿಂದಲೇ ನೀರಿಗಿಳಿಯುವಂಥದು. ಅಮೆರಿಕದ ಆಡಳಿತಕ್ಕೆ ಸೇರಿದ ವರ್ಜಿನ್ ದ್ವೀಪಗಳಲ್ಲಿ, ಸೇಂಟ್ ಜಾನ್ ದ್ವೀಪದ ಟ್ರಂಕ್ ಬೇ ಎಂಬ ಕೊಲ್ಲಿ ಇದಕ್ಕೆ ಉತ್ತಮ ನಿದರ್ಶನ. ಅದು 1956ರಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಉದ್ಯಾನದ ಭಾಗ. ನೀರಿನೊಳಗೆ ವಿವರಣೆಯ ಫಲಕಗಳನ್ನು ನೆಟ್ಟು, ಈಜುತ್ತಾ ಓದಿಕೊಂಡು ಸಾಗುವಂಥ ಹಾದಿಯನ್ನು ಅಲ್ಲಿ ಏರ್ಪಡಿಸಿದ್ದಾರೆ. ಆದರೆ ದೊಡ್ಡ ಹಡಗುಗಳು ನಿಲ್ಲುವುದು ನೆರೆಯ ಸೇಂಟ್ ಥಾಮಸ್ ದ್ವೀಪದಲ್ಲಿ. ಅಲ್ಲಿಂದ ದೋಣಿಯಲ್ಲಿ ಹೋಗಿಬರುವ ಸಮಯವನ್ನು ಲೆಕ್ಕಕ್ಕೆ ಹಿಡಿಯಬೇಕು. ಮೆಕ್ಸಿಕೋದ ಕೊಜುಮೆಲ್ ದ್ವೀಪದಲ್ಲಿರುವ ಚಾಂಕನಾಬ್ ಉದ್ಯಾನವೂ ಇದೇ ವರ್ಗದ್ದು. ಈ ಬಗೆಯಲ್ಲಿ ದಣಿವಾದ ಕೂಡಲೇ ದಡಕ್ಕೆ ಬಂದು ನೆರಳಿನಲ್ಲಿ ಕೂರಬಹುದು. ನೀರಿಗಿಳಿಯದವರೂ ಸಂಗಡಿಗರೊಡನೆ ಇರಬಹುದು. ಹೊಸಬರಿಗೂ ವಯಸ್ಸಾದವರಿಗೂ ಇದು ಹೆಚ್ಚು ಒಪ್ಪುವಂಥದು.

ಎರಡನೆಯದು, ದೋಣಿಯಲ್ಲಿ ಹೋಗಿ ಆಳವಿಲ್ಲದ ಮರಳುದಿಬ್ಬದ ಮೇಲೆ ನಿಲ್ಲುವಂಥದು. ಗ್ರ್ಯಾಂಡ್ ಕೇಮನ್ ದ್ವೀಪದ ಸ್ಟಿಂಗ್‌ರೇ ಸಿಟಿಯ ಮರಳುದಿಬ್ಬ ಇದಕ್ಕೆ ಹೆಸರಾದುದು. ಹಿಂದೆ ಬೆಸ್ತರು ಅಲ್ಲಿ ಮೀನು ಹಸನುಮಾಡಿ ತ್ಯಾಜ್ಯವನ್ನು ನೀರಿಗೆಸೆಯುತ್ತಿದ್ದುದರಿಂದ, ನಮ್ಮ ಕರಾವಳಿಯವರು ತೊರಕೆ ಎಂದು ಕರೆಯುವ ಚಪ್ಪಟೆ ಮೀನುಗಳು ಗುಂಪುಗೂಡುವ ಅಭ್ಯಾಸ ಬೆಳೆಯಿತು. ನೀರು ಸೊಂಟದಿಂದ ಎದೆಯ ಮಟ್ಟಕ್ಕಿದ್ದು, ಈಜು ಬಾರದವರೂ ನಿಂತು ನೋಡಬಹುದು. ತೊರಕೆಯ ಬಾಲದಲ್ಲಿ ವಿಷದ ಮುಳ್ಳಿರುವುದರಿಂದ ಕಾಲನ್ನು ಎತ್ತಿ ಇಡದೆ ಮರಳಿನ ಮೇಲೆ ಸವರಿಕೊಂಡು ನಡೆಯಬೇಕು; ಹಾಗೆ ಮಾಡಿದರೆ ಮರಳಿನಲ್ಲಿ ಅಡಗಿದ ಮೀನು ತಾನಾಗಿ ಸರಿಯುತ್ತದೆ.

ಮೂರನೆಯದು, ಆಳ ನೀರಿನಲ್ಲಿ ಪ್ರವಾಹದೊಡನೆ ತೇಲಿಹೋಗುವಂಥದು. ಕೊಜುಮೆಲ್ ದ್ವೀಪದ ನೈಋತ್ಯ ತೀರದ ಪಲಂಕಾರ್, ಕೊಲಂಬಿಯಾ ಹವಳದ ದಿಬ್ಬಗಳು ಇದಕ್ಕೆ ಪ್ರಸಿದ್ಧ. 1996ರಿಂದ ಇವು ರಾಷ್ಟ್ರೀಯ ಸಾಗರೋದ್ಯಾನದ ರಕ್ಷಣೆಯಲ್ಲಿವೆ. ಇಲ್ಲಿನ ಪ್ರವಾಹ ಸಾಮಾನ್ಯವಾಗಿ ದಕ್ಷಿಣದಿಂದ ಉತ್ತರಕ್ಕೆ ಹರಿಯುತ್ತದೆ. ದೋಣಿಯು ಜನರನ್ನು ಒಂದೆಡೆ ಇಳಿಸಿ, ಅವರು ತೇಲಿಕೊಂಡು ಬಂದ ಇನ್ನೊಂದೆಡೆ ಹತ್ತಿಸಿಕೊಳ್ಳುತ್ತದೆ. ದೃಶ್ಯದ ವೈಭವಕ್ಕೆ ಈ ಬಗೆ ಶ್ರೇಷ್ಠ. ಆದರೆ ಕಾಲಿಗೆ ನೆಲ ಸಿಗದು, ದಡ ದೂರ, ನಡುವೆ ಸಾಕೆನಿಸಿದರೆ ದೋಣಿ ಬರುವವರೆಗೆ ಕಾಯಬೇಕು. ಏಣಿಯನ್ನು ಹಿಡಿದು ತೂಗುವ ದೋಣಿಗೆ ಹತ್ತಲು ಮೊಣಕಾಲಿಗೂ ತೋಳಿಗೂ ಬಲ ಬೇಕು. ಈಜು ಚೆನ್ನಾಗಿ ಬಲ್ಲವರು ಮಾತ್ರ ಇದನ್ನು ಆರಿಸಬೇಕು. ಊರಿನ ಬಾವಿಯಲ್ಲಿ ಸೋರೆಬುರುಡೆ ಕಟ್ಟಿಕೊಂಡು ಈಜು ಕಲಿತು, ನಗರಕ್ಕೆ ಬಂದ ಮೇಲೆ 30 ವರ್ಷ ನೀರಿಗಿಳಿಯದವರು ತಮ್ಮನ್ನು ಈ ಗುಂಪಿಗೆ ಸೇರಿಸಿಕೊಳ್ಳಬಾರದು.

ಸಮಯದ ಲೆಕ್ಕ

ಹಡಗು ಬೆಳಿಗ್ಗೆ 8ಕ್ಕೆ ಬಂದು ಸಂಜೆ 5ಕ್ಕೆ ಹೊರಡುವುದೆಂದು ಇಟ್ಟುಕೊಳ್ಳೋಣ. ಕಾಗದದ ಮೇಲೆ 9 ಗಂಟೆಗಳಿವೆ. ಸಾಲಿನಲ್ಲಿ ನಿಂತು ಹೊರಬೀಳಲು 1 ಗಂಟೆ ಕಳೆಯಿರಿ. ಹೊರಡುವುದಕ್ಕೆ ಅರ್ಧ ಗಂಟೆ ಮುಂಚೆ ಎಲ್ಲರೂ ಹಡಗಿನಲ್ಲಿರಬೇಕೆಂಬ ನಿಯಮವಿದ್ದರೆ ಅದನ್ನೂ ಕಳೆಯಿರಿ. ಅದಕ್ಕಿಂತ ಒಂದೂವರೆ ಗಂಟೆ ಮುಂಚಿತವಾಗಿ ಬಂದರಿಗೆ ಮರಳುವ ಎಚ್ಚರಿಕೆ ಅಗತ್ಯ. ಉಳಿಯುವುದು 6 ಗಂಟೆ. ವಿಹಾರವನ್ನು ಈ 6 ಗಂಟೆಗಳಲ್ಲಿ ಹೊಂದಿಸಬೇಕು. ಗ್ರ್ಯಾಂಡ್ ಕೇಮನ್‌ನಲ್ಲಿ ದೊಡ್ಡ ಹಡಗುಗಳಿಗೆ ಧಕ್ಕೆಯಿಲ್ಲ. ಅವು ದೂರದಲ್ಲಿ ಲಂಗರು ಹಾಕಿ ಪ್ರಯಾಣಿಕರನ್ನು ಸಣ್ಣ ದೋಣಿಗಳಲ್ಲಿ ದಡಕ್ಕೆ ಸಾಗಿಸುತ್ತವೆ. ಅಲ್ಲಿ ಅವಧಿ ಇನ್ನೂ ಕಿರಿದಾಗುತ್ತದೆ.

ಗಡಿಯಾರದ ವಿಷಯವನ್ನು ವಿಶೇಷವಾಗಿ ಗಮನಿಸಬೇಕು. ಕೊಜುಮೆಲ್ ಸೇರಿರುವ ಕ್ವಿಂತಾನಾ ರೂ ರಾಜ್ಯವು 2015ರಿಂದ ವರ್ಷವಿಡೀ ಒಂದೇ ಕಾಲಮಾನವನ್ನು ಅನುಸರಿಸುತ್ತಿದೆ. ಫ್ಲಾರಿಡಾದಲ್ಲಾದರೋ ಮಾರ್ಚಿಯಿಂದ ನವೆಂಬರ್ ಆರಂಭದವರೆಗೆ ಗಡಿಯಾರವನ್ನು 1 ಗಂಟೆ ಮುಂದಿಡುತ್ತಾರೆ. ಅಲ್ಲಿಂದ ಹೊರಟ ಹಡಗು ತನ್ನ ಕಾಲಮಾನವನ್ನು ಬದಲಿಸದಿದ್ದರೆ, ಬೇಸಿಗೆಯಲ್ಲಿ ಹಡಗಿನ 4-30 ಎಂದರೆ ದ್ವೀಪದ 3-30. ದ್ವೀಪದ ಗಡಿಯಾರವನ್ನು ನಂಬಿ 4-30ಕ್ಕೆ ಬಂದವನಿಗೆ 5ಕ್ಕೆ ಹೊರಟ ಹಡಗು ಕಾಣಿಸುವುದಿಲ್ಲ. ಮೊಬೈಲು ತಾನಾಗಿಯೇ ಸ್ಥಳೀಯ ವೇಳೆಗೆ ಬದಲಾಗಬಹುದು. ಹಡಗಿನ ವೇಳೆಗೆ ಹೊಂದಿಸಿದ ಕೈಗಡಿಯಾರವೊಂದನ್ನು ಕಟ್ಟಿಕೊಳ್ಳುವುದು ಸರಳವಾದ ಪರಿಹಾರ.

ಯಾರ ಮೂಲಕ ಗೊತ್ತುಮಾಡಬೇಕು?

ಹಡಗಿನ ಕಂಪನಿಯ ಮೂಲಕವೂ ಗೊತ್ತುಮಾಡಬಹುದು, ದ್ವೀಪದ ಸ್ಥಳೀಯರೊಡನೆ ನೇರವಾಗಿಯೂ ಗೊತ್ತುಮಾಡಬಹುದು. ಸ್ಥಳೀಯರ ದರ ಸಾಮಾನ್ಯವಾಗಿ ಕಡಿಮೆ. ಗುಂಪು ಚಿಕ್ಕದಾಗಿದ್ದು ಮಾರ್ಗದರ್ಶಕನ ಗಮನ ಹೆಚ್ಚು ದೊರೆಯುವುದೂ ಉಂಟು. ಆದರೆ ಕಂಪನಿಯ ವಿಹಾರ ತಡವಾದರೆ ಹಡಗು ಕಾಯುತ್ತದೆ ಅಥವಾ ಮುಂದಿನ ಬಂದರಿಗೆ ಕಳುಹಿಸುವ ಹೊಣೆಯನ್ನು ಕಂಪನಿ ಹೊರುತ್ತದೆ. ಸ್ವಂತ ಏರ್ಪಾಡಿನಲ್ಲಿ ಹೋದವರಿಗಾಗಿ ಹಡಗು ಕಾಯಬೇಕಾದುದಿಲ್ಲ. ಹವೆ ಕೆಟ್ಟು ಹಡಗು ಆ ಬಂದರಿಗೇ ಹೋಗದಿದ್ದರೆ, ಕಂಪನಿಯಲ್ಲಿ ಕಟ್ಟಿದ ವಿಹಾರದ ಹಣ ಹಿಂದಿರುಗುತ್ತದೆ. ಸ್ಥಳೀಯರೊಡನೆ ಅದು ಕರಾರನ್ನು ಅವಲಂಬಿಸಿರುತ್ತದೆ. ಹೆಚ್ಚಿನ ದರವನ್ನು ವಿಮೆಯ ಕಂತೆಂದು ಪರಿಗಣಿಸಿದರೆ ನಿರ್ಧಾರ ಸುಲಭವಾಗುತ್ತದೆ. ಪರದೇಶದಲ್ಲಿ ವೃದ್ಧರನ್ನು ಜೊತೆಗಿರಿಸಿಕೊಂಡವರು ಈ ಕಂತನ್ನು ತೆರುವುದು ಲೇಸು.

ಪ್ರಯಾಣದ ವಿಮೆಯ ಪತ್ರವನ್ನೂ ಪೂರ್ಣವಾಗಿ ಓದಬೇಕು. ಮೊದಲೇ ಇದ್ದ ಕಾಯಿಲೆ, ಸಾಹಸಕ್ರೀಡೆ ಇವುಗಳನ್ನು ಅನೇಕ ಪಾಲಿಸಿಗಳು ಹೊರಗಿಡುತ್ತವೆ. ವಿಹಾರದವರು ಸಹಿಗೆ ಕೊಡುವ ಆರೋಗ್ಯದ ಹೇಳಿಕೆಯಲ್ಲಿ ಸತ್ಯವನ್ನೇ ಬರೆಯಬೇಕು. ರೋಗವನ್ನು ಮರೆಮಾಚಿ ಮಾಡಿದ ಸಹಿಯಿಂದ ವಿಮೆಯ ಹಕ್ಕಿಗೆ ಚ್ಯುತಿ ಬರಬಹುದು. ಜೀವಕ್ಕೇ ಕುತ್ತು ಬರುವುದು ಅದಕ್ಕಿಂತ ದೊಡ್ಡ ಮಾತು.

ಹಣ ಕಟ್ಟುವ ಮುನ್ನ ಕೇಳಬೇಕಾದ ಪ್ರಶ್ನೆಗಳು

1. ನೀರಿನ ಆಳವೆಷ್ಟು? ಪ್ರವಾಹವಿದೆಯೇ?
2. ನೀರಿನಲ್ಲಿರುವ ಅವಧಿ ಎಷ್ಟು? ನಡುವೆ ದೋಣಿಗೆ ಮರಳಬಹುದೇ?
3. ಎಷ್ಟು ಜನರಿಗೆ ಒಬ್ಬ ಮಾರ್ಗದರ್ಶಕ? ಅವನು ನೀರಿಗಿಳಿಯುವನೇ, ದೋಣಿಯಲ್ಲೇ ಇರುವನೇ?
4. ಲೈಫ್ ಜಾಕೆಟನ್ನು ಎಲ್ಲರಿಗೂ ಕೊಡುವರೇ?
5. ದೋಣಿಯಲ್ಲಿ ನೆರಳು, ಶೌಚಾಲಯ, ಆಮ್ಲಜನಕ ಇವೆಯೇ?
6. ಕನ್ನಡಕ ಹಾಕುವವರಿಗೆ ನಂಬರಿನ ಗಾಜಿರುವ ಮುಖವಾಡ ದೊರೆಯುವುದೇ?

ಇವುಗಳಿಗೆ ಸ್ಪಷ್ಟವಾದ ಉತ್ತರ ಕೊಡದವರೊಡನೆ ವ್ಯವಹಾರ ಬೇಡ.

ನೀರಿಗಿಳಿಯುವಾಗ

ಹೊರಡುವ ಮೊದಲು ನಮ್ಮೂರಿನ ಈಜುಕೊಳದಲ್ಲಿಯೇ ಮುಖವಾಡ ಮತ್ತು ಕೊಳವೆಗಳ ಅಭ್ಯಾಸ ಮಾಡಿಕೊಳ್ಳುವುದು ಒಳ್ಳೆಯದು. ದಪ್ಪ ಮೀಸೆಯಿದ್ದರೆ ಮುಖವಾಡ ಚರ್ಮಕ್ಕೆ ಅಂಟದೆ ನೀರು ಒಸರುತ್ತದೆಂಬುದು ಅಲ್ಲಿಯೇ ತಿಳಿದುಬರುತ್ತದೆ. ಇಡೀ ಮುಖವನ್ನು ಮುಚ್ಚುವ ಮುಖವಾಡವು ಹೊಸಬರಿಗೆ ಹಿತವೆನಿಸಬಹುದು. ಆದರೆ ತುರ್ತಿನಲ್ಲಿ ಕೊಳವೆಯನ್ನು ಬಾಯಿಂದ ಉಗುಳಿಬಿಡುವಂತೆ ಅದನ್ನು ಬಿಡಲಾಗುವುದಿಲ್ಲ.

ಬೋರಲು ತೇಲುವವರ ಬೆನ್ನು ಬಿಸಿಲಿಗೆ ಬೇಗ ಸುಡುತ್ತದೆ. ತುಂಬುತೋಳಿನ ಈಜುಡುಗೆ ಇದಕ್ಕೆ ಉತ್ತಮ ರಕ್ಷಣೆ. ಬಿಸಿಲಿನ ಲೇಪಗಳಲ್ಲಿ ಕೆಲವು ಹವಳಕ್ಕೆ ಹಾನಿಕರವೆಂದು ಅಮೆರಿಕದ ವರ್ಜಿನ್ ದ್ವೀಪಗಳು 2020ರಲ್ಲಿ ನಿಷೇಧಿಸಿವೆ. ಹವಳವು ಕಲ್ಲಲ್ಲ, ಜೀವವಿರುವ ವಸ್ತು. ಅದರ ಮೇಲೆ ನಿಂತರೆ ಅದು ಸಾಯುತ್ತದೆ, ನಮ್ಮ ಕಾಲೂ ಗಾಯಗೊಳ್ಳುತ್ತದೆ. ಹವಳಗಳ ರೋಗ ಹಬ್ಬಿದ ಕಾರಣ 2019ರಲ್ಲಿ ಪಲಂಕಾರ್, ಕೊಲಂಬಿಯಾ ದಿಬ್ಬಗಳನ್ನೂ, ನಕ್ಷತ್ರಮೀನುಗಳಿಗೆ ಹೆಸರಾದ ಎಲ್ ಸಿಯೆಲೊ ಮರಳುದಿಬ್ಬವನ್ನೂ ಕೆಲಕಾಲ ಪ್ರವಾಸಿಗಳಿಗೆ ಮುಚ್ಚಬೇಕಾಯಿತು. ನೋಡುವುದಷ್ಟೇ ನಮ್ಮ ಹಕ್ಕು, ಮುಟ್ಟುವುದಲ್ಲ.

ಇಬ್ಬಿಬ್ಬರ ಜೋಡಿಯಾಗಿ ಇಳಿದು, ಕೆಲವು ನಿಮಿಷಗಳಿಗೊಮ್ಮೆ ತಲೆಯೆತ್ತಿ ಪರಸ್ಪರ ಮಾತನಾಡಿಸಬೇಕು. ಮದ್ಯವನ್ನು ಸೇವಿಸಿ ಇಳಿಯಲೇಬಾರದು. ಕಾರಣವಿಲ್ಲದೆ ಏದುಸಿರು ಬಂದರೆ ಅದು ಭಯದಿಂದಿರಬಹುದೆಂದು ತಳ್ಳಿಹಾಕದೆ, ಒಡನೆಯೇ ಕೊಳವೆಯನ್ನು ಉಗುಳಿ, ಅಂಗಾತ ಹೊರಳಿ, ಕೈಯೆತ್ತಿ ಸನ್ನೆ ಮಾಡಿ, ನೀರಿನಿಂದ ಹೊರಗೆ ಬರಬೇಕು. ಆ ದಿನ ಮತ್ತೆ ಇಳಿಯಬಾರದು. ಹಡಗಿನ ವೈದ್ಯರಿಗೆ ತೋರಿಸಬೇಕು.

ಕೊನೆಯ ಮಾತು

ನಮ್ಮ ಮನೆಗಳಲ್ಲಿ ಒಂದು ಸಂಕೋಚವುಂಟು. ಮಗನೋ ಸೊಸೆಯೋ ಪ್ರೀತಿಯಿಂದ ಏರ್ಪಾಡು ಮಾಡಿ ಹಣ ಕಟ್ಟಿದ್ದಾರೆ. ಬೇಡವೆಂದರೆ ನೊಂದುಕೊಂಡಾರು ಎಂದು ಹಿರಿಯರು ತಮ್ಮ ಎದೆಯ ನೋವನ್ನೂ ಮಾತ್ರೆಯ ಡಬ್ಬಿಯನ್ನೂ ಮರೆಮಾಡುತ್ತಾರೆ. ಮಕ್ಕಳಾದರೂ ಅಪ್ಪನಿಗೆ ಈಜು ಬರುತ್ತದೆಂದೇ ನಂಬಿರುತ್ತಾರೆ. ವಿಹಾರವನ್ನು ಆರಿಸುವಾಗ ಗುಂಪಿನಲ್ಲಿ ಅತ್ಯಂತ ದುರ್ಬಲರಾದವರ ಶಕ್ತಿಯನ್ನೇ ಅಳತೆಗೋಲಾಗಿ ಇಟ್ಟುಕೊಳ್ಳಬೇಕು. ಹಾಗಾಗಬೇಕಾದರೆ ಅವರು ಬಾಯಿಬಿಟ್ಟು ಹೇಳಬೇಕು. ತರುಣರು ಪಲಂಕಾರ್‌ಗೆ ಹೋಗಲಿ, ಹಿರಿಯರು ಚಾಂಕನಾಬ್‌ನ ದಡದಲ್ಲಿ ಮೊಣಕಾಲಷ್ಟು ನೀರಿನಲ್ಲಿ ನಿಂತು ಮೀನು ನೋಡಲಿ. ಸಂಜೆ ಹಡಗಿನ ಊಟದ ಮೇಜಿನ ಬಳಿ ಎರಡು ಕಡೆಯವರಿಗೂ ಹೇಳಿಕೊಳ್ಳಲು ಬೇಕಾದಷ್ಟಿರುತ್ತದೆ. ಹಾಸಿಗೆಯಿದ್ದಷ್ಟು ಕಾಲು ಚಾಚಬೇಕೆಂಬ ನಮ್ಮ ಹಿರಿಯರ ಮಾತು ಹಣದ ವಿಷಯಕ್ಕಷ್ಟೇ ಸೀಮಿತವಾದುದಲ್ಲ. ಯಾನ ಕೈಗೊಳ್ಳುವ ಸದಸ್ಯರೆಲ್ಲರೂ ಸುಖವಾಗಿ ಹೋಗಿ, ಸುಖವಾಗಿ ಮನೆಗೆ ಮರಳಲೆಂದು ಹಾರೈಸುತ್ತೇನೆ.