ಏಳು ಗಂಟೆಯ ಸಿನಿಮಾ ನೋಡೋದು ಹೇಗೆ?

ಏಳು ಗಂಟೆ ಅಂದ ಕೂಡಲೇ ನಮ್ಮ ಕೈ ಒಂದೂವರೆ ಪಟ್ಟು ವೇಗದ ಬಟನ್ ಕಡೆ ಹೋಗುತ್ತೆ. ಸೆರ್ಗೇ ಬೊಂದಾರ್ಚುಕ್ ನಿರ್ದೇಶಿಸಿದ ಸೋವಿಯತ್ ಸಿನಿಮಾ ‘ವಾರ್ ಅಂಡ್ ಪೀಸ್’ ಅಷ್ಟು ಉದ್ದ ಇದೆ. ಟಾಲ್‌ಸ್ಟಾಯ್ ಕಾದಂಬರಿ ಆಧರಿಸಿದ ಇದು 1966-67ರಲ್ಲಿ ನಾಲ್ಕು ಭಾಗಗಳಾಗಿ ಬಂತು. ಹಾಗಾಗಿ ಮೊದಲ ಪಾಠ: ಒಂದೇ ರಾತ್ರಿ ಮುಗಿಸೋ ಹಟ ಬೇಡ, ನಾಲ್ಕು ಸಂಜೆ ಇಟ್ಟುಕೊಳ್ಳೋಣ.

ಎರಡನೆಯದು, ಎಲ್ಲ ಹೆಸರು ನೆನಪಿಡಬೇಕಿಲ್ಲ. ಮೂವರು ಸಾಕು. ದಿಢೀರನೆ ಭಾರೀ ಆಸ್ತಿಗೆ ವಾರಸುದಾರನಾಗುವ ಪಿಯರ್, ಯುದ್ಧದಲ್ಲಿ ಕೀರ್ತಿ ಹುಡುಕುವ ಆಂದ್ರೇ, ಬದುಕಿನ ಮೇಲೆ ತುಂಬಾ ಆಸೆಯಿರುವ ನತಾಶಾ. ಪಿಯರ್ ಪಾತ್ರ ಮಾಡಿರೋದು ನಿರ್ದೇಶಕರೇ.

ಮೂರನೆಯದು, ಕ್ಯಾಮೆರಾ ಗಮನಿಸಿ. ನತಾಶಾಳ ಮೊದಲ ನೃತ್ಯಕೂಟದಲ್ಲಿ ಕ್ಯಾಮೆರಾಮನ್ ರೋಲರ್ ಸ್ಕೇಟ್ಸ್ ಹಾಕಿಕೊಂಡು ನರ್ತಕರ ನಡುವೆ ಜಾರುತ್ತಾ ಚಿತ್ರೀಕರಿಸಿದ್ದಾರೆ. 1812ರ ಬೊರೊದಿನೊ ಕದನದ ದೃಶ್ಯಗಳಲ್ಲಿ ಸಾವಿರಾರು ಸೈನಿಕರು ನಿಜವಾಗಿಯೂ ಮೈದಾನದಲ್ಲಿದ್ದಾರೆ, ಕಂಪ್ಯೂಟರಿನಲ್ಲಿ ಹುಟ್ಟಿದವರಲ್ಲ.

ನಾಲ್ಕನೆಯದು ಕಿವಿಗೆ ಸಂಬಂಧಿಸಿದ್ದು. ಈ ರಷ್ಯನ್ ಶ್ರೀಮಂತರು ಮಾತು ಮಾತಿಗೂ ಫ್ರೆಂಚ್ ಆಡ್ತಾರೆ. ಅವರಿಗೆ ಅದು ಅಂತಸ್ತಿನ ಗುರುತು. ಮನೆಗೆಲಸದವರ, ಹೊಲದಲ್ಲಿ ದುಡಿಯುವವರ ಭಾಷೆ ರಷ್ಯನ್. ಆಮೇಲೆ ಫ್ರೆಂಚ್ ಸೈನ್ಯವೇ ಮಾಸ್ಕೋಗೆ ಬರುತ್ತೆ! ಇದನ್ನು ನೋಡ್ತಾ ನಮ್ಮ ಪ್ಲೇಸ್‌ಮೆಂಟ್ ಇಂಗ್ಲಿಷ್, ಕ್ಯಾಂಟೀನ್ ಕನ್ನಡ ನೆನಪಾಗದೆ ಇರಲ್ಲ. ಫ್ರೆಂಚ್ ಕಲಿತದ್ದು ಅವರ ತಪ್ಪಲ್ಲ. ತಮ್ಮ ಅನ್ನ ಬೆಳೆಯುವವರ ಜೊತೆ ಮಾತೇ ಉಳಿಯದಷ್ಟು ದೂರ ಹೋದದ್ದು ತೊಂದರೆ.

ಆ ದೂರ ಕರಗುವ ಹೊತ್ತಿಗೇ ಸಿನಿಮಾ ಎತ್ತರಕ್ಕೇರುತ್ತೆ. ಮಾಸ್ಕೋ ಬಿಟ್ಟು ಹೊರಡುವಾಗ ನತಾಶಾಳ ಮನೆಯವರು ಗಾಡಿಗಳಿಗೆ ಸಾಮಾನು ತುಂಬಿರ್ತಾರೆ. ಅವಳು ಅದನ್ನೆಲ್ಲ ಇಳಿಸಿ, ಗಾಯಗೊಂಡ ಸೈನಿಕರಿಗೆ ಜಾಗ ಕೊಡಿ ಅಂತ ಹಟ ಹಿಡೀತಾಳೆ. ಸೆರೆ ಸಿಕ್ಕ ಪಿಯರ್, ಪ್ಲಾತೋನ್ ಎಂಬ ಸಾಮಾನ್ಯ ರೈತ-ಸೈನಿಕನಿಂದ ಬದುಕೋದನ್ನು ಕಲೀತಾನೆ. ಪಾರ್ಟಿಗಳನ್ನು ಓಡಿಸಿಕೊಂಡು ನೋಡಿದವರಿಗೆ ಇವೆರಡೂ ಸಾಧಾರಣ ದೃಶ್ಯಗಳು. ಆ ಬೆಳ್ಳಿ, ರೇಷ್ಮೆ, ದೀಪಗಳ ನಡುವೆ ಗಂಟೆಗಟ್ಟಲೆ ಕೂತವರಿಗೆ ಮಾತ್ರ ಏನನ್ನು ಇಳಿಸಿದರು ಅನ್ನೋದರ ತೂಕ ಗೊತ್ತಾಗುತ್ತೆ.

ಉದ್ದ ಇರೋದು ಅದಕ್ಕೇ. ಈ ಸೆಮಿಸ್ಟರ್ ರಜೆಯಲ್ಲಿ ಮೊದಲ ಭಾಗದಿಂದ ಶುರು ಮಾಡಿ, ಮಾಮೂಲಿ ವೇಗದಲ್ಲೇ.