ಸ್ಪ್ಯಾನರ್ ಹಿಡಿಯುವ ಮೊದಲು ಕಿವಿ ಕೊಡಿ

ಮಕ್ಕಳೇ, ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಸೀಮೆಯ ಮನೆಗಳಲ್ಲಿ ಬೈಕು ದುಡಿಯುವ ಆಳಿನ ಲೆಕ್ಕ. ಕಡಲೆಕಾಯಿ ಮೂಟೆ, ಹಸುವಿನ ಮೇವು, ಡೇರಿಗೆ ಹೋಗುವ ಹಾಲಿನ ಕ್ಯಾನು, ಗೊರವನಹಳ್ಳಿಯ ಗುಡಿಗೆ ಹೊರಟ ಹೆಂಡತಿ ಮಕ್ಕಳು, ಎಲ್ಲರನ್ನೂ ಎಲ್ಲವನ್ನೂ ಹೊರುವುದು ಅದೇ. ಹೊಲದ ದಾರಿಯ ಧೂಳು ಕುಡಿದು, ಊರೂರಿನ ಹಂಪು ಹತ್ತಿಳಿದು, ಶಿರಾ ಹತ್ತಿರ ರಾಷ್ಟ್ರೀಯ ಹೆದ್ದಾರಿ 48 ಸೇರಿದ ಮೇಲೆ ಲಾರಿಗಳ ಪಕ್ಕದಲ್ಲಿ ಓಡಬೇಕು. ಇಂಥ ಗಾಡಿಯ ಮುಂಭಾಗದಲ್ಲಿ ‘ಟಕ್’ ಎಂಬ ಸದ್ದು ಶುರುವಾದರೆ ಕೇಳಿಯೂ ಕೇಳದವರಂತೆ ಓಡಿಸಬೇಡಿ. ಹಾಗಂತ ಅದೇ ದಿನ ಸಾಲ ಮಾಡಿ ಮುಂದಿನ ಶಾಕ್ ಅಬ್ಸಾರ್ಬರು, ಕೋನ್ ಸೆಟ್ಟು ಎಲ್ಲವನ್ನೂ ಬದಲಾಯಿಸಲೂ ಹೋಗಬೇಡಿ. ಸದ್ದಿನ ಜಾಗ ಖಾತ್ರಿಯಾಗುವ ತನಕ ಒಂದು ನಟ್ಟನ್ನೂ ಬಿಚ್ಚಬಾರದು. ಗಾಡಿ ಓಡಿಸುವವರಿಗೂ, ಗ್ಯಾರೇಜಿನಲ್ಲಿ ಕೆಲಸ ಕಲಿಯುತ್ತಿರುವ ಹುಡುಗರಿಗೂ ನಾನು ಹೇಳುವುದು ಇದನ್ನೇ.

ಮೊದಲು, ಸದ್ದು ಯಾವ ಹೊತ್ತಿನಲ್ಲಿ ಬರುತ್ತದೆ ಗಮನಿಸಿ. ಮುಂದಿನ ಬ್ರೇಕ್ ಹಿಡಿದಾಗಲೋ, ಗುಂಡಿಗೆ ಬಿದ್ದಾಗಲೋ, ಹಂಪು ಇಳಿದ ಮರುಗಳಿಗೆಯಲ್ಲೋ, ಹ್ಯಾಂಡಲ್ ತಿರುಗಿಸುವಾಗಲೋ? ಹಿಂದಿನ ದಿನ ಪಂಕ್ಚರ್ ಹಾಕಿಸಿದ್ದಿರಾ, ಬ್ರೇಕ್ ಕೆಲಸ ಮಾಡಿಸಿದ್ದಿರಾ, ಅದನ್ನೂ ನೆನಪು ಮಾಡಿಕೊಳ್ಳಿ. ಕೈ ಹಾಕಿದ ಕೆಲಸದ ಬೆನ್ನಿಗೇ ಸದ್ದು ಬಂದಿದ್ದರೆ ಮೊದಲು ಹುಡುಕಬೇಕಾದ ಜಾಗ ಅದೇ.

ಆಮೇಲೆ ಖರ್ಚಿಲ್ಲದ ಜಾಗಗಳನ್ನು ನೋಡಿ. ಮಡ್‌ಗಾರ್ಡಿನ ಬೋಲ್ಟು, ಹೆಡ್‌ಲೈಟಿನ ಡೂಮು, ನಂಬರ್ ಪ್ಲೇಟು, ಕ್ರ್ಯಾಶ್ ಗಾರ್ಡು, ಹಾರ್ನಿನ ಪಟ್ಟಿ, ಒಂದೊಂದನ್ನೂ ಕೈಯಲ್ಲಿ ಹಿಡಿದು ಅಲ್ಲಾಡಿಸಿ. ಸಡಿಲವಾದ ಒಂದು ಮಡ್‌ಗಾರ್ಡ್ ಬೋಲ್ಟು ಇಡೀ ಶಾಕ್ ಅಬ್ಸಾರ್ಬರೇ ಮುರಿದ ಹಾಗೆ ಸದ್ದು ಮಾಡಬಲ್ಲದು. ಮುಂದಿನ ಚಕ್ರದ ಆ್ಯಕ್ಸೆಲ್ ನಟ್ಟನ್ನೂ ಆಗಲೇ ನೋಡಿ. ಡ್ರಮ್ ಬ್ರೇಕಿನ ಗಾಡಿಯಾದರೆ ಇನ್ನೊಂದು ಎಚ್ಚರ ಬೇಕು. ಬ್ರೇಕ್ ಪ್ಲೇಟಿನಲ್ಲಿ ಒಂದು ತೋಡು ಇರುತ್ತದೆ. ಫೋರ್ಕಿನ ಕಾಲಿನಲ್ಲಿರುವ ಗುಬುಟು ಅದರೊಳಗೆ ಕೂತಿರಬೇಕು. ಚಕ್ರ ಬಿಚ್ಚಿ ಹಾಕುವ ಅವಸರದಲ್ಲಿ ಅದು ತಪ್ಪಿದರೆ, ಬ್ರೇಕ್ ಹಿಡಿದಾಗ ಪ್ಲೇಟೇ ಚಕ್ರದ ಜೊತೆ ತಿರುಗಿ ಚಕ್ರ ಕಚ್ಚಿಕೊಳ್ಳುತ್ತದೆ. ಪಂಕ್ಚರ್ ಅಂಗಡಿಯಿಂದ ಹೊರಡುವ ಮೊದಲು ಇದನ್ನು ನೀವೇ ಬಗ್ಗಿ ನೋಡಿ.

ಇವೆಲ್ಲ ಸರಿ ಇದ್ದರೆ ಗಾಡಿಯನ್ನು ಸಮತಟ್ಟು ನೆಲದಲ್ಲಿ ಡಬಲ್ ಸ್ಟ್ಯಾಂಡಿಗೆ ಹಾಕಿ. ಮುಂದಿನ ಚಕ್ರ ನೆಲ ಬಿಡುವ ಹಾಗೆ ಎಂಜಿನ್ ಕೆಳಗೆ ಮರದ ತುಂಡು ಕೊಡಿ, ಒಬ್ಬರನ್ನು ಹಿಂದೆ ಹಿಡಿದುಕೊಳ್ಳಲು ಹೇಳಿ. ನೀವು ಮುಂದೆ ಕೂತು ಎರಡೂ ಫೋರ್ಕುಗಳ ಕೆಳತುದಿ ಹಿಡಿದು ಹಿಂದಕ್ಕೂ ಮುಂದಕ್ಕೂ ಎಳೆಯಿರಿ. ಅದೇ ಹೊತ್ತಿಗೆ ಇನ್ನೊಬ್ಬರು ಹ್ಯಾಂಡಲ್ ಕೆಳಗೆ, ಚಾಸಿಗೂ ಫೋರ್ಕ್ ಹಿಡಿದ ಬ್ರಾಕೆಟ್ಟಿಗೂ ನಡುವಿನ ಸಂದಿಯಲ್ಲಿ ಬೆರಳಿಟ್ಟಿರಲಿ. ಬೆರಳಿಗೆ ‘ಟಕ್’ ತಾಗಿದರೆ ಕೋನ್ ಸೆಟ್ಟಿನಲ್ಲಿ ಆಟ ಇದೆ. ಬೆರಳಿಗೆ ಏನೂ ತಾಗದೆ, ಫೋರ್ಕಿನ ಪೈಪು ಕೆಳಗಿನ ಕಾಲಿನೊಳಗೆ ಹೋಗುವ ಕಡೆ ಅಲ್ಲಾಟ ಕಂಡರೆ ಒಳಗೆ ಸವೆದಿದೆ. ಟಯರನ್ನು ಮೇಲೆ ಕೆಳಗೆ ಹಿಡಿದು ಅಡ್ಡಕ್ಕೆ ಆಡಿಸಿದಾಗ ಚಕ್ರ ಮಾತ್ರ ಅಲ್ಲಾಡಿದರೆ ವೀಲ್ ಬೇರಿಂಗ್ ಹೋಗಿದೆ. ಕಾಸು ಖರ್ಚಿಲ್ಲದೆ ಮೂರು ದೊಡ್ಡ ಅನುಮಾನ ಇಲ್ಲೇ ತೀರುತ್ತವೆ.

ಕೋನ್ ಸೆಟ್ಟಿನ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ನಮ್ಮ ಕಡೆಯ ರಸ್ತೆಯಲ್ಲಿ ಬೇಗ ಪೆಟ್ಟು ತಿನ್ನುವುದು ಅದೇ. ಹ್ಯಾಂಡಲ್ ಹಗುರಾಗಿ ತಿರುಗಲು ಮೇಲೊಂದು ಕೆಳಗೊಂದು ಬಟ್ಟಲಿನಲ್ಲಿ ಉಕ್ಕಿನ ಗುಂಡುಗಳು ಗ್ರೀಸಿನಲ್ಲಿ ಕೂತಿರುತ್ತವೆ. ನೇರ ರಸ್ತೆಯಲ್ಲಿ ಹೋಗುವಾಗ ಆ ಗುಂಡುಗಳು ಒಂದೇ ಜಾಗದಲ್ಲಿ ನಿಂತು ಪ್ರತಿ ಗುಂಡಿಯ ಪೆಟ್ಟನ್ನೂ ತಡೆಯುತ್ತವೆ. ಸಡಿಲವಾಗಿದ್ದರೆ ಪ್ರತಿ ಪೆಟ್ಟೂ ಸುತ್ತಿಗೆ ಏಟಾಗಿ ಬಟ್ಟಲಿನಲ್ಲಿ ಕುಳಿ ಬೀಳುತ್ತದೆ. ಚಕ್ರ ಎತ್ತಿ ಹ್ಯಾಂಡಲನ್ನು ಎಡದಿಂದ ಬಲಕ್ಕೆ ನಿಧಾನ ತಿರುಗಿಸಿ ನೋಡಿ. ನಡುವೆ, ನೇರಕ್ಕೆ ಬಂದಾಗ ಕಚ್ಚಿಕೊಂಡ ಹಾಗೆ ನಿಂತರೆ ಕುಳಿ ಬಿದ್ದಿದೆ ಎಂದು ಅರ್ಥ. ಆಗ ಬಿಗಿ ಮಾಡಿ ಪ್ರಯೋಜನವಿಲ್ಲ. ಬಟ್ಟಲು, ಗುಂಡು ಎಲ್ಲವನ್ನೂ ಸೆಟ್ಟಾಗಿ ಬದಲಾಯಿಸಿ ಗ್ರೀಸು ತುಂಬಬೇಕು. ಹಳೆಯ ಬಟ್ಟಲಿಗೆ ಹೊಸ ಗುಂಡು ಹಾಕುವುದು ದುಡ್ಡು ದಂಡ.

ಕುಳಿ ಇಲ್ಲದೆ ಬರೀ ಆಟ ಇದ್ದರೆ ಬಿಗಿ ಮಾಡಿದರೆ ಸಾಕು. ಮೇಲಿನ ದೊಡ್ಡ ನಟ್ಟನ್ನೂ ಮೇಲಿನ ಬ್ರಾಕೆಟ್ಟಿನಲ್ಲಿ ಫೋರ್ಕ್ ಹಿಡಿದ ಬೋಲ್ಟುಗಳನ್ನೂ ಸಡಿಲಿಸಿ, ಒಳಗಿನ ಕಚ್ಚು ಇರುವ ನಟ್ಟನ್ನು ಹುಕ್ ಸ್ಪ್ಯಾನರಿನಿಂದ ಸ್ವಲ್ಪ ಸ್ವಲ್ಪವೇ ತಿರುಗಿಸಿ. ಉಳಿಯಿಟ್ಟು ಸುತ್ತಿಗೆಯಲ್ಲಿ ಹೊಡೆಯುವ ಅಭ್ಯಾಸ ಇಂದೇ ಬಿಡಿ. ಅದರಿಂದ ನಟ್ಟೂ ಹಾಳು, ಬಿಗಿಯ ಅಂದಾಜೂ ಹಾಳು. ಆಟ ಹೋಗಬೇಕು, ಆದರೂ ನಡುವಿನಿಂದ ಮೆಲ್ಲಗೆ ತಳ್ಳಿದರೆ ಹ್ಯಾಂಡಲ್ ತನ್ನ ಭಾರಕ್ಕೆ ತಾನೇ ಎರಡೂ ಕಡೆಗೆ ಹೊರಳಬೇಕು, ಅಷ್ಟೇ ಬಿಗಿ. ಮೇಲಿನ ನಟ್ಟನ್ನೂ ಸಡಿಲಿಸಿದ ಬೋಲ್ಟುಗಳನ್ನೂ ಬಿಗಿದ ಮೇಲೆ ಇನ್ನೊಮ್ಮೆ ಪರೀಕ್ಷಿಸಿ, ಆ ನಟ್ಟು ಕೂತಾಗ ಒಳಗಿನ ಬಿಗಿಯೂ ಬದಲಾಗುತ್ತದೆ. ಸದ್ದು ಹೋಯಿತು ಎಂದು ಅತಿಯಾಗಿ ಬಿಗಿದರೆ ನಿಧಾನದಲ್ಲಿ ಗಾಡಿ ಹಾವಿನ ಹಾಗೆ ಆ ಕಡೆ ಈ ಕಡೆ ಎಳೆಯುತ್ತದೆ. ಸಡಿಲ ಬಿಟ್ಟರೆ ಹೆದ್ದಾರಿಯಲ್ಲಿ ಹ್ಯಾಂಡಲ್ ನಡುಗುತ್ತದೆ. ಎರಡೂ ಜೀವಕ್ಕೆ ಕುತ್ತು.

ಹಂಪು ಇಳಿದು ಮುಂಭಾಗ ಮೇಲೆದ್ದಾಗ ಸದ್ದು ಬಂದರೆ ಫೋರ್ಕಿನ ಎಣ್ಣೆಯನ್ನು ಅನುಮಾನಿಸಿ. ಒಳಗೆ ಸ್ಪ್ರಿಂಗು ಭಾರ ಹೊರುತ್ತದೆ, ಎಣ್ಣೆ ಅದರ ಜಿಗಿತ ತಡೆಯುತ್ತದೆ. ಎಣ್ಣೆ ಕಡಿಮೆಯಾದರೆ ಫೋರ್ಕು ಪೂರ್ತಿ ಚಾಚಿ ಲೋಹಕ್ಕೆ ಲೋಹ ಬಡಿಯುತ್ತದೆ. ಮುಂದಿನ ಬ್ರೇಕ್ ಹಿಡಿದು ಹ್ಯಾಂಡಲನ್ನು ಜೋರಾಗಿ ಅದುಮಿ ಬಿಡಿ. ಒಮ್ಮೆ ಎದ್ದು ನಿಲ್ಲಬೇಕು, ತೂಗಾಡಬಾರದು. ಪೈಪಿನ ಮೇಲೆ ಎಣ್ಣೆಯ ಜಿಡ್ಡು ಕಂಡರೆ ಸೀಲು ಹರಿದಿದೆ. ಸೀಲು ಬದಲಿಸುವಾಗ ಪೈಪಿನಲ್ಲಿ ತುಕ್ಕಿನ ಚುಕ್ಕೆ, ಗೀರು ಇದೆಯೇ ನೋಡಿ, ಇದ್ದರೆ ಹೊಸ ಸೀಲೂ ಹರಿಯುತ್ತದೆ. ಕಂಪನಿ ಹೇಳಿದ ಎಣ್ಣೆಯನ್ನು ಹೇಳಿದಷ್ಟೇ ಅಳತೆಯಲ್ಲಿ ಎರಡೂ ಕಾಲಿಗೆ ಸಮವಾಗಿ ಹಾಕಿ. ಅಂದಾಜಿಗೆ ಎಂಜಿನ್ ಆಯಿಲ್ ಸುರಿಯಬೇಡಿ. ತಿರುಮಣಿ ಸೋಲಾರ್ ಪಾರ್ಕಿನ ಕಡೆಗೆ, ಹೊಲ ತೋಟದ ಕಡೆಗೆ ದಿನಾ ಧೂಳಿನಲ್ಲಿ ಓಡಾಡುವವರು ಸಂಜೆ ಒಂದು ಒದ್ದೆ ಬಟ್ಟೆಯಲ್ಲಿ ಪೈಪು ಒರೆಸಿದರೆ ಸೀಲು ಬಹುಕಾಲ ಬಾಳುತ್ತದೆ.

ಬ್ರೇಕ್ ಹಿಡಿದಾಗ ಮಾತ್ರ ಬರುವ ಸದ್ದಿಗೂ ಒಂದು ಪರೀಕ್ಷೆ ಇದೆ. ಗಾಡಿಯನ್ನು ಮುಂದಕ್ಕೆ ತಳ್ಳಿ ಬ್ರೇಕ್ ಹಿಡಿಯಿರಿ, ‘ಟಕ್’ ಅಂದಿತು. ಮತ್ತೆ ಮುಂದಕ್ಕೇ ತಳ್ಳಿ ಹಿಡಿಯಿರಿ, ಸದ್ದಿಲ್ಲ. ಹಿಂದಕ್ಕೆ ತಳ್ಳಿ ಹಿಡಿದರೆ ಮತ್ತೆ ‘ಟಕ್’. ಹೀಗಾದರೆ ಡಿಸ್ಕ್ ಪ್ಯಾಡು ತನ್ನ ಜಾಗದಲ್ಲಿ ಸರಿದು ಕೂರುವ ಸದ್ದು. ಸಣ್ಣದಾಗಿದ್ದರೆ ಭಯವಿಲ್ಲ. ಜೋರಾಗಿದ್ದರೆ ಕ್ಯಾಲಿಪರಿನ ಬೋಲ್ಟು, ಪಿನ್ನು, ಪ್ಯಾಡು ಹಿಡಿಯುವ ತಗಡಿನ ಸ್ಪ್ರಿಂಗು ನೋಡಬೇಕು. ಬ್ರೇಕ್ ಹಿಡಿದೇ ಇದ್ದು ಗಾಡಿಯನ್ನು ಹಿಂದೆ ಮುಂದೆ ಆಡಿಸಿದಾಗಲೆಲ್ಲ ಸದ್ದು ಬಂದರೆ ಕೋನ್ ಸೆಟ್ಟಿಗೆ ವಾಪಸ್ ಬನ್ನಿ.

ಇನ್ನು ಕೆಲಸ ಕಲಿಯುವ ಹುಡುಗರಿಗೆ ಒಂದು ಮಾತು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿತು. ಅಲ್ಲಿ ತಯಾರಾದ ಜಾವಾ, ಯೆಜ್ಡಿ ಗಾಡಿಗಳು ಇವತ್ತಿಗೂ ನಮ್ಮ ರಾಜ್ಯದ ರಸ್ತೆಯಲ್ಲಿ ಓಡುತ್ತಿವೆ. ಕೆಟ್ಟ ಭಾಗ ಯಾವುದೆಂದು ಗುರುತಿಸಿ ಅಷ್ಟನ್ನೇ ರಿಪೇರಿ ಮಾಡಿದ ಕೈಗಳು ಅವನ್ನು ಉಳಿಸಿವೆ. ನಿಮ್ಮ ಬಳಿ ಬರುವ ರೈತ ಮಳೆ ನಂಬಿ ಬದುಕುವವನು, ಅವನಿಗೆ ಬೇಡದ ಪಾರ್ಟು ಮಾರಬೇಡಿ. ಬಿಚ್ಚಿದ ಹಳೆಯ ಭಾಗವನ್ನು ಅವನ ಕೈಗೆ ಕೊಟ್ಟು, ಸವೆದ ಜಾಗ ತೋರಿಸಿ. ಕೆಲಸ ಮುಗಿದ ಮೇಲೆ ಹಂಪಿರುವ ರಸ್ತೆಯಲ್ಲಿ ನೀವೇ ಓಡಿಸಿ ನೋಡದೆ ಗಾಡಿ ಕೊಡಬೇಡಿ. ಬಿಚ್ಚಿದ ಬೋಲ್ಟುಗಳನ್ನು ಅವನ ಎದುರೇ ಇನ್ನೊಮ್ಮೆ ಬಿಗಿದು ನೋಡಿ.

ಓಡಿಸುವ ಮಕ್ಕಳೇ, ನಿಮ್ಮಲ್ಲಿ ನಾನು ಕೇಳುವುದಿಷ್ಟು: ಸದ್ದು ಬಂದ ಗಾಡಿಯಲ್ಲಿ ಹೆದ್ದಾರಿಗೆ ಹೋಗಬೇಡಿ, ಮನೆಯವರನ್ನು ಕೂರಿಸಬೇಡಿ. ನಾಳೆಗೆ ಮುಂದೂಡದೆ ಇವತ್ತೇ ಮುಂದಿನ ಚಕ್ರ ಎತ್ತಿ ಪರೀಕ್ಷೆ ಮಾಡಿ.